ಗಾಳಿ ಜೋರಾದಾಗ ಸಣ್ಣ ಹಾಯಿದೋಣಿ: ಕಾರವಾರದಿಂದ ಭಟ್ಕಳದವರೆಗಿನ ಲೆಕ್ಕಾಚಾರ

ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯಲ್ಲಿ ಪದೇ ಪದೇ ಕಾಣುವ ಸಾಲೊಂದಿದೆ: ಗಂಟೆಗೆ 45ರಿಂದ 55 ಕಿ.ಮೀ. ವೇಗದ ಗಾಳಿ, ನಡುನಡುವೆ 65 ಕಿ.ಮೀ. ಮುಟ್ಟುವ ಸಾಧ್ಯತೆ. ದೋಣಿಯ ಗಾಳಿಮಾಪಕ ತೋರಿಸುವುದು ನಾಟ್ ಲೆಕ್ಕದಲ್ಲಿ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. ಹಾಗಾಗಿ ಆ ಎಚ್ಚರಿಕೆ ಹಾಯಿ ಕಟ್ಟುವವನಿಗೆ 24ರಿಂದ 30 ನಾಟ್, ಹೊಡೆತ ಬಂದಾಗ 35. ಇಂಥ ದಿನ 26 ಅಡಿಯ ದೋಣಿ ಬಂದರು ಬಿಟ್ಟು ಕದಲಬಾರದು, ಅದರಲ್ಲಿ ಚರ್ಚೆಗೆ ಜಾಗವಿಲ್ಲ. ಆದರೆ ಹೊರಟಾಗ 12 ನಾಟ್ ಇದ್ದ ಗಾಳಿ ಇಳಿಹೊತ್ತಿಗೆ 25 ಆಗುವುದೂ ಉಂಟು. ಈ ಬರಹ ಅಂಥ ಇಳಿಹೊತ್ತಿನ ಬಗ್ಗೆ.

ಮಾತು 24ರಿಂದ 30 ಅಡಿಯ ಪ್ರವಾಸಿ ಹಾಯಿದೋಣಿಯದು. ತೂಕ ಎರಡರಿಂದ ಮೂರೂವರೆ ಟನ್. ಅದರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಕೀಲ್‌ನಲ್ಲಿ, ಅಂದರೆ ದೋಣಿಯ ತಳದಿಂದ ನೀರಿಗಿಳಿದ ಭಾರದ ರೆಕ್ಕೆಯಲ್ಲಿ. ಕೀಲ್ ನೀರಿನೊಳಗೆ ಇಳಿಯುವ ಆಳ ಒಂದೂಕಾಲರಿಂದ ಒಂದೂವರೆ ಮೀಟರ್. ದೊಡ್ಡ ಹಾಯಿ, ಮುಂದಿನ ಹಾಯಿ ಎರಡೂ ಸೇರಿ 30 ಚದರ ಮೀಟರ್ ಆಸುಪಾಸು, ಜೊತೆಗೆ 10–15 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ದೋಣಿಗೆ ಇಲ್ಲಿ ಕೆಲಸವೇ ಇಲ್ಲ. ಯಾಂತ್ರಿಕ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವ ಕಡಲಿಗೆ ವಿಹಾರಕ್ಕೆಂದು ಇಳಿಯುವುದು ಧೈರ್ಯದ ಲೆಕ್ಕಕ್ಕೆ ಬರುವುದಿಲ್ಲ. ಅಕ್ಟೋಬರ್‌ನಿಂದ ಮೇವರೆಗಿನ ಗಾಳಿಯೇ ನಮ್ಮ ವಿಷಯ.

ಎರಡರಷ್ಟು ಗಾಳಿ, ನಾಲ್ಕರಷ್ಟು ಭಾರ

ಗಾಳಿ ಹಾಯಿಯ ಮೇಲೆ ಹಾಕುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 10 ನಾಟ್ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 1.6 ಕೆ.ಜಿ. 20 ನಾಟ್‌ಗೆ ಅದು ಆರೂವರೆ ಕೆ.ಜಿ., 30ಕ್ಕೆ ಹದಿನಾಲ್ಕೂವರೆ. 15ರಿಂದ 20ಕ್ಕೆ ಏರಿದಾಗ ಮುಖಕ್ಕೆ ಬಡಿಯುವ ಗಾಳಿಯಲ್ಲಿ ಅಂಥ ವ್ಯತ್ಯಾಸವೇನೂ ಗೊತ್ತಾಗುವುದಿಲ್ಲ, ಆದರೆ ಹಾಯಿಯ ಮೇಲಿನ ಭಾರ ಮುಕ್ಕಾಲು ಪಾಲು ಹೆಚ್ಚಿರುತ್ತದೆ. "ಇನ್ನೂ ಸ್ವಲ್ಪ ನೋಡೋಣ" ಎನ್ನುತ್ತ ಕೂತವರು ಸಿಕ್ಕಿಬೀಳುವುದು ಈ ಐದು ನಾಟ್‌ಗಳ ನಡುವೆ.

ಇದರ ಜೊತೆಗೆ ಇನ್ನೊಂದು ಮೋಸವಿದೆ. ಹಾಯಿಗೆ ತಾಗುವುದು ಕಡಲಿನ ಮೇಲಿನ ನಿಜ ಗಾಳಿ ಅಲ್ಲ. ಅದರೊಂದಿಗೆ ದೋಣಿಯ ಸ್ವಂತ ವೇಗ ಕೂಡಿದ ಇಲ್ಲವೇ ಕಳೆದ ಗಾಳಿ. 20 ನಾಟ್ ಗಾಳಿಗೆ ಎದುರಾಗಿ 5 ನಾಟ್‌ನಲ್ಲಿ ಏರುತ್ತಿದ್ದರೆ ಹಾಯಿಗೆ ಸಿಗುವುದು 24. ಅದೇ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು 6 ನಾಟ್‌ನಲ್ಲಿ ಓಡುತ್ತಿದ್ದರೆ ಬರೀ 14. ಭಾರದಲ್ಲಿ ಇವೆರಡಕ್ಕೂ ಸುಮಾರು ಮೂರು ಪಟ್ಟು ಅಂತರ. ಕಾರವಾರದಿಂದ ಹೊನ್ನಾವರದ ಕಡೆಗೆ ವಾಯವ್ಯ ಗಾಳಿಯಲ್ಲಿ ಇಳಿಯುವಾಗ ಎಲ್ಲ ಹಾಯಿ ಬಿಚ್ಚಿಕೊಂಡು, ಅಂಗಿ ಕಳಚಿ ಬಿಸಿಲು ಕಾಯುತ್ತ ಹೋಗಬಹುದು. ದಾರಿಯಲ್ಲಿ ಯಾವುದೋ ಕಾರಣಕ್ಕೆ ದೋಣಿ ತಿರುಗಿಸಿದ ಕೂಡಲೇ ಬೇರೆಯೇ ಕಡಲು ಕಾಣುತ್ತದೆ. ಬೆನ್ನುಗಾಳಿಯಲ್ಲಿ ಓಡುವಾಗ ಮಾಪಕದ ಅಂಕಿಗೆ ದೋಣಿಯ ವೇಗ ಕೂಡಿಸಿ ನೋಡುವ ಅಭ್ಯಾಸ ಇರಬೇಕು. ಮಾಪಕ ಇಲ್ಲದವರು ನೀರನ್ನೇ ಓದಬೇಕು. ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಎದ್ದರೆ ಹತ್ತು ನಾಟ್ ಹತ್ತಿರ. ನೊರೆ ಎಲ್ಲೆಲ್ಲೂ ಹರಡಿ ತುಂತುರು ಹಾರಲು ಶುರುವಾದರೆ 17–21. ನೊರೆ ಗಾಳಿಯ ದಿಕ್ಕಿಗೆ ಉದ್ದುದ್ದ ಪಟ್ಟಿಯಾಗಿ ಎಳೆದುಕೊಂಡರೆ 28 ದಾಟಿದೆ.

ಚುಕ್ಕಾಣಿ ಕೊಡುವ ಸೂಚನೆ

ಹಾಯಿ ಹೆಚ್ಚಾಯಿತು ಎಂಬುದು ಮೊದಲು ತಿಳಿಯುವುದು ಚುಕ್ಕಾಣಿಯ ಹಿಡಿಕೋಲಾದ ಟಿಲ್ಲರ್ ಹಿಡಿದ ಕೈಗೆ. ದೋಣಿ ವಾಲಿದಂತೆ ಹಾಯಿಯ ಎಳೆತದ ಕೇಂದ್ರ ನೀರಿನ ಮೇಲೆ ಹೊರಕ್ಕೆ ಸರಿಯುತ್ತದೆ, ಒಡಲಿನ ಅಡ್ಡ ತಡೆ ಒಳಗೇ ಉಳಿಯುತ್ತದೆ. ಈ ಎರಡರ ನಡುವಿನ ಜಗ್ಗಾಟ ದೋಣಿಯ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸುತ್ತದೆ. ನೇರ ಹೋಗಬೇಕೆಂದರೆ ಟಿಲ್ಲರನ್ನು ಎದೆಗೆ ಎಳೆದು ಹಿಡಿಯಬೇಕಾಗುತ್ತದೆ. ನಾಲ್ಕೈದು ಡಿಗ್ರಿಯಷ್ಟು ಎಳೆತ ಒಳ್ಳೆಯದೇ. ಹತ್ತು ದಾಟಿತೆಂದರೆ ಚುಕ್ಕಾಣಿ ದಿಕ್ಕು ಕೊಡುವ ಕೆಲಸ ಬಿಟ್ಟು ಬ್ರೇಕ್ ಆಗಿರುತ್ತದೆ. ವಾಲುವಿಕೆ 20–25 ಡಿಗ್ರಿ ಮೀರಿದರೆ ಚುಕ್ಕಾಣಿಯ ಮೇಲ್ಭಾಗ ನೀರಿನಿಂದ ಹೊರಗೆ ಬಂದು, ಮುಂದಿನ ಹೊಡೆತಕ್ಕೆ ದೋಣಿ ತಾನಾಗಿ ಗಾಳಿಗೆ ಮುಖ ತಿರುಗಿಸಿ ನಿಲ್ಲುತ್ತದೆ. ಬಗ್ಗಿಕೊಂಡು ಹೋಗುವ ದೋಣಿ ನೋಡಲು ಚೆಂದ, ಫೋಟೋಗೆ ಇನ್ನೂ ಚೆಂದ. ಆದರೆ 15–20 ಡಿಗ್ರಿಗೆ ಇಳಿಸಿದರೆ ಅದೇ ದೋಣಿ ಹೆಚ್ಚು ವೇಗವಾಗಿ, ಕಡಿಮೆ ಜಾರಿ ಸಾಗುತ್ತದೆ.

ಹಾಯಿ ಕುಗ್ಗಿಸುವ ಮೊದಲು ಅದನ್ನು ಚಪ್ಪಟೆ ಮಾಡಿ ನೋಡಬಹುದು. ಹಾಯಿಯ ಉಬ್ಬಿನಲ್ಲೇ ಶಕ್ತಿ ಇರುವುದು. ಹಾಯಿ ಏರಿಸುವ ಹಗ್ಗವಾದ ಹಾಲ್ಯಾರ್ಡನ್ನು ಬಿಗಿದರೆ ಉಬ್ಬು ಮುಂದಕ್ಕೆ ಬರುತ್ತದೆ. ದೊಡ್ಡ ಹಾಯಿಯ ಬುಡದ ಅಡ್ಡಕೋಲಾದ ಬೂಮ್ ಉದ್ದಕ್ಕೆ ಹಾಯಿಯ ಅಡಿ ಎಳೆಯುವ ಔಟ್‌ಹಾಲ್ ಬಿಗಿದರೆ ಕೆಳಭಾಗ ಚಪ್ಪಟೆಯಾಗುತ್ತದೆ. ಬೂಮಿನ ಹಗ್ಗದ ಬುಡವನ್ನು ಅಡ್ಡಕ್ಕೆ ಸರಿಸುವ ಟ್ರಾವೆಲರ್ ಇದ್ದರೆ ಅದನ್ನು ಗಾಳಿ ಹೋಗುವ ಬದಿಗೆ ಇಳಿಸಿ. ಮುಂದಿನ ಹಾಯಿಯ ಶೀಟ್, ಅಂದರೆ ಹಾಯಿಯನ್ನು ಒಳಗೆಳೆದು ಹಿಡಿಯುವ ಹಗ್ಗ, ಹಾಯುವ ಕಪ್ಪಿಯನ್ನು ಒಂದೆರಡು ರಂಧ್ರ ಹಿಂದಕ್ಕೆ ಸರಿಸಿದರೆ ಹಾಯಿಯ ಮೇಲ್ತುದಿ ತೆರೆದುಕೊಂಡು ಅಲ್ಲಿಯ ಗಾಳಿ ಸೋರಿಹೋಗುತ್ತದೆ. ಎತ್ತರದಲ್ಲಿರುವ ಬಲವೇ ದೋಣಿಯನ್ನು ಹೆಚ್ಚು ವಾಲಿಸುವುದರಿಂದ ಈ ಸಣ್ಣ ಕೆಲಸಕ್ಕೆ ದೊಡ್ಡ ಫಲವಿದೆ. ಇಷ್ಟೆಲ್ಲ ಮಾಡಿದರೆ ಎರಡು ಮೂರು ನಾಟ್‌ನ ಅವಕಾಶ ಸಿಗುತ್ತದೆ. ಅದರಾಚೆಗೆ ರೀಫ್ ಹಾಕಲೇಬೇಕು, ಅಂದರೆ ಹಾಯಿಯ ಅಡಿಭಾಗ ಮಡಿಚಿ ಅದನ್ನು ಚಿಕ್ಕದಾಗಿಸಬೇಕು.

ರೀಫ್ ಹಾಕುವ ಕ್ರಮ

ಗಾಳಿಗೆ ಎದುರಾಗಿ ಏರುವಾಗ ಹಾಯಿಗೆ ತಾಗುವ ಗಾಳಿ 16–18 ನಾಟ್ ಆದಾಗ ಮೊದಲ ರೀಫ್, 23–25ಕ್ಕೆ ಎರಡನೆಯದು. ಹೆಚ್ಚಿನ ಸಣ್ಣ ದೋಣಿಗಳಿಗೆ ಈ ಲೆಕ್ಕ ಒಪ್ಪುತ್ತದೆ, ಹಗುರ ದೋಣಿಗೆ ಇನ್ನೂ ಎರಡು ನಾಟ್ ಮೊದಲೇ. ಬಂದರಿನಿಂದ ಹೊರಡುವ ಮೊದಲೇ ಸಂಶಯವಿದ್ದರೆ ಲಂಗರಿನಲ್ಲಿ ನಿಂತಿರುವಾಗಲೇ ಒಂದು ರೀಫ್ ಹಾಕಿ ಹೊರಡುವುದು ಜಾಣತನ. ಬಿಚ್ಚುವುದು ಎರಡು ನಿಮಿಷದ ಕೆಲಸ, ಹಾಕುವುದು ಹಾಗಲ್ಲ.

ದೋಣಿಯನ್ನು ನೇರ ಗಾಳಿಗೆ ನಿಲ್ಲಿಸಬೇಡಿ. ಮುಂದಿನ ಹಾಯಿಯಲ್ಲಿ ಗಾಳಿ ಇರಲಿ, ದೋಣಿ ಗಾಳಿಗೆ 50–60 ಡಿಗ್ರಿಯಲ್ಲಿ ಮೂರು ನಾಟ್‌ನಷ್ಟು ನಡೆಯುತ್ತಿರಲಿ. ನಡೆಯುವ ದೋಣಿ ನಿಂತ ದೋಣಿಗಿಂತ ಸ್ಥಿರ. ಮೊದಲು ದೊಡ್ಡ ಹಾಯಿಯ ಶೀಟ್ ಸಡಿಲಿಸಿ ಅದು ಪಟಪಟ ಬಡಿಯುವಷ್ಟು ಬಿಡಿ. ಕೂಡಲೇ ಬೂಮನ್ನು ಕೆಳಗೆ ಎಳೆದಿಡುವ ವ್ಯಾಂಗ್ ಸಡಿಲಿಸಿ. ಬೂಮಿನ ತುದಿಯ ಭಾರ ಹೊರುವ ಟಾಪಿಂಗ್ ಲಿಫ್ಟನ್ನು ಒಂದು ಗೇಣು ಮೇಲೆ ಎಳೆದು ಕಟ್ಟಿ. ಆಮೇಲೆ ಹಾಲ್ಯಾರ್ಡನ್ನು ಗುರುತಿನವರೆಗೆ ಬಿಡಿ. ಆ ಗುರುತನ್ನು ಮೊದಲೇ ಬಂದರಿನಲ್ಲಿ ಬಣ್ಣದ ದಾರ ಸುತ್ತಿ ಹೊಲಿದಿಟ್ಟಿರಬೇಕು, ರಾತ್ರಿ ಬೆರಳಿಗೆ ಸಿಗುವಂತೆ. ಹಾಯಿಯ ಮುಂದಂಚನ್ನು ಕೈಯಿಂದ ಕೆಳಕ್ಕೆಳೆದು ರೀಫ್ ಕಣ್ಣನ್ನು (ಹಾಯಿಯಲ್ಲಿ ರೀಫ್‌ಗೆಂದೇ ಇರುವ ಗಟ್ಟಿ ರಂಧ್ರ) ಕಂಬದ ಬುಡದ ಕೊಕ್ಕೆಗೆ ಸಿಕ್ಕಿಸಿ, ಹಾಲ್ಯಾರ್ಡ್ ಮತ್ತೆ ಬಿಗಿಯಿರಿ. ಮುಂದಂಚಿನ ಉದ್ದಕ್ಕೂ ನೆಟ್ಟನೆಯ ಸುಕ್ಕು ಬೀಳುವಷ್ಟು ಬಿಗಿ ಬೇಕು. ಅದಾದ ನಂತರವೇ ಹಿಂದಿನ ರೀಫ್ ಹಗ್ಗವನ್ನು ಹಗ್ಗ ಎಳೆಯುವ ರಾಟೆಯಾದ ವಿಂಚ್‌ಗೆ ಹಾಕಿ ಹಾಯಿಯ ಹೊಸ ಅಡಿ ಬೂಮಿಗೆ ತಾಗುವವರೆಗೆ ಎಳೆಯುವುದು. ಕೊನೆಗೆ ಟಾಪಿಂಗ್ ಲಿಫ್ಟ್ ಬಿಟ್ಟು, ವ್ಯಾಂಗ್ ಎಳೆದು, ಶೀಟ್ ಸೇರಿಸಿ ಹೊರಡಿ.

ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದು ಗೊತ್ತಿದ್ದರೆ ಕ್ರಮ ನೆನಪಿರುತ್ತದೆ. ವ್ಯಾಂಗ್ ಬಿಡದೆ ಹಿಂದಿನ ರೀಫ್ ಹಗ್ಗ ಎಳೆದರೆ ಬೂಮ್ ಮೇಲೇಳುವುದಿಲ್ಲ, ಎಳೆದಷ್ಟೂ ಹಾಯಿಯ ಬಟ್ಟೆ ಹಿಗ್ಗಿ ಕಣ್ಣಿನ ಬಳಿ ಸೀಳುತ್ತದೆ. ಹಾಲ್ಯಾರ್ಡ್ ಬಿಗಿಯುವ ಮೊದಲೇ ಹಿಂದಿನ ತುದಿ ಎಳೆದರೆ ಹಾಯಿ ಹಿಂದಕ್ಕೆ ಜಗ್ಗಿ ಮುಂದಂಚು ಸಡಿಲ ಉಳಿಯುತ್ತದೆ. ಉಬ್ಬು ಹಿಂದಕ್ಕೆ ಹೋಗಿ, ಹಾಯಿ ಚಿಕ್ಕದಾದರೂ ವಾಲುವಿಕೆ ಇಳಿಯುವುದಿಲ್ಲ. ರೀಫ್ ಹಾಕಿದ ಮೇಲೂ ಟಿಲ್ಲರ್ ಭಾರವೇ ಎಂದು ದೂರುವವರ ದೋಣಿಯಲ್ಲಿ ನೋಡಬೇಕಾದದ್ದು ಈ ಮುಂದಂಚನ್ನು. ನಡುವಿನ ಸಣ್ಣ ಲಾಡಿಗಳು ಮಡಿಕೆ ಬಟ್ಟೆಯನ್ನು ಸುಮ್ಮನೆ ಹಿಡಿದಿಡಲು ಇರುವಂಥವು. ಅವನ್ನು ಬಿಗಿದು ಕಟ್ಟಿದರೆ, ಹಿಂದಿನ ಹಗ್ಗ ಒಂದಿಷ್ಟು ಜಾರಿದ ದಿನ ಇಡೀ ಭಾರ ಅವುಗಳ ಮೇಲೆ ಬಿದ್ದು ಹಾಯಿ ಸಾಲಾಗಿ ಹರಿಯುತ್ತದೆ. ರೀಫ್ ಬಿಚ್ಚುವಾಗ ಮೊದಲು ಲಾಡಿ ಬಿಚ್ಚಿ, ಆಮೇಲೆ ಹಗ್ಗ. ಒಂದೇ ಒಂದು ಲಾಡಿ ಮರೆತು ಹಾಲ್ಯಾರ್ಡ್ ಎಳೆದವರ ಹಾಯಿ ಆ ಜಾಗದಲ್ಲೇ ಹರಿದಿರುತ್ತದೆ.

ಮುಂದಿನ ಹಾಯಿ ಸುರುಳಿ ಸುತ್ತುವ ಫರ್ಲರ್ ಬಗೆಯದಾದರೆ ಸುತ್ತುವುದು ಸುಲಭ, ಆದರೆ ಮೂರನೇ ಒಂದು ಭಾಗ ಸುತ್ತಿದ ಮೇಲೆ ಉಳಿದದ್ದು ಚೀಲದಂತೆ ಉಬ್ಬಿ, ಎಳೆಯುವುದಕ್ಕಿಂತ ವಾಲಿಸುವ ಕೆಲಸವನ್ನೇ ಹೆಚ್ಚು ಮಾಡುತ್ತದೆ. ಸುತ್ತಿದಷ್ಟೂ ಶೀಟಿನ ಕಪ್ಪಿಯನ್ನು ಮುಂದಕ್ಕೆ ತರಬೇಕು, ಇಲ್ಲದಿದ್ದರೆ ಹಾಯಿಯ ಹಿಂದಂಚು ಬಡಿದು ಬಡಿದು ಸವೆಯುತ್ತದೆ. ಗಮನ ಇಡಬೇಕಾದ ಹಗ್ಗ ಇನ್ನೊಂದಿದೆ: ಫರ್ಲರಿನ ಸುತ್ತುಹಗ್ಗ. ಜೋರುಗಾಳಿಯಲ್ಲಿ ಅದು ಕಡಿದರೆ ಇಡೀ ಹಾಯಿ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ, ಮತ್ತೆ ಸುತ್ತುವುದು ಅಸಾಧ್ಯ. ಬಿಸಿಲು, ಉಪ್ಪು ತಿಂದ ಹಗ್ಗವನ್ನು ಪ್ರತಿ ಅಕ್ಟೋಬರ್‌ನಲ್ಲಿ ಬದಲಿಸಿದರೆ ಹೋಗುವುದು ಕೆಲವು ನೂರು ರೂಪಾಯಿ. ಬಂದರಿನಲ್ಲಿ ಬಿಟ್ಟುಹೋಗುವಾಗ ಸುತ್ತಿದ ಹಾಯಿಯ ಮೇಲೆ ಶೀಟ್ ಮೂರು ಸುತ್ತು ಬರುವಂತೆ ಮಾಡಿ, ಹೊರಗೆ ಒಂದು ಲಾಡಿಯನ್ನೂ ಕಟ್ಟಿ.

ಬೆನ್ನುಗಾಳಿ ಸುಖದಂತೆ ಕಾಣುತ್ತದೆ

ತಲೆ ಒಡೆಯುವ ಅಪಘಾತಗಳಿಗೆ ಹೆಚ್ಚಾಗಿ ಕಾರಣವಾಗುವುದು ಎದುರುಗಾಳಿಯಲ್ಲ, ಬೆನ್ನುಗಾಳಿ. ಗಾಳಿ ನೇರ ಹಿಂದಿನಿಂದ ಬರುವಾಗ ಒಂದು ಅಲೆ ಹಿಂಬದಿಯನ್ನು ತಿರುಗಿಸಿದರೆ ಸಾಕು, ಗಾಳಿ ಹಾಯಿಯ ಇನ್ನೊಂದು ಮಗ್ಗುಲಿಗೆ ಸೇರಿ ಬೂಮ್ ಈ ಬದಿಯಿಂದ ಆ ಬದಿಗೆ ಬೀಸಿ ಹೊಡೆಯುತ್ತದೆ. ಅದಕ್ಕಾಗಿ ನೇರ ಬೆನ್ನಿಗೆ ಓಡಿಸದೆ ಗಾಳಿಯನ್ನು 150–160 ಡಿಗ್ರಿಯಲ್ಲಿ, ಅಂದರೆ ಒಂದು ಹೆಗಲಿನ ಮೇಲಿನಿಂದ ತೆಗೆದುಕೊಳ್ಳಿ. ಬೂಮ್ ಬೀಸದಂತೆ ತಡೆಯಲು ಅದರ ತುದಿಯಿಂದ ಒಂದು ಹಗ್ಗ ಮೂತಿಯ ಕೊಂಡಿಗೆ ಹೋಗಿ ಅಲ್ಲಿಂದ ಚುಕ್ಕಾಣಿಯ ಬಳಿಗೆ ಬರಲಿ. ಬೂಮಿನ ನಡುವಿಗೆ ಕಟ್ಟಿದರೆ ಬೂಮೇ ಮುರಿಯುತ್ತದೆ. ಹಗ್ಗದ ಕೊನೆ ಕೈಗೆಟುಕುವಲ್ಲಿರುವುದು ಬಿಡಿಸಬೇಕಾದಾಗ ಮೂತಿಗೆ ಓಡಬಾರದೆಂದು.

ಬೂಮ್ ಬದಿ ಬದಲಿಸಲೇಬೇಕಾದರೆ ಶೀಟನ್ನು ಪೂರ್ತಿ ಎಳೆದು ಬೂಮ್ ನಡುವಿಗೆ ತಂದು, ಅಲೆಯ ಇಳಿಜಾರಿನಲ್ಲಿ ದೋಣಿ ವೇಗವಾಗಿ ಜಾರುತ್ತಿರುವ ಕ್ಷಣದಲ್ಲಿ ತಿರುಗಿಸಿ. ಆಗ ಹಾಯಿಗೆ ತಾಗುವ ಗಾಳಿ ಅತಿ ಕಡಿಮೆ. ತಿರುಗಿದ ಕೂಡಲೇ ಶೀಟ್ ಸರಸರ ಬಿಡಿ. 25 ನಾಟ್ ಮೀರಿದ್ದರೆ ಅದೂ ಬೇಡ: ಗಾಳಿಗೆ ಮುಖ ಮಾಡಿ ಸುತ್ತು ಹಾಕಿ ಟ್ಯಾಕ್ ಮಾಡಿಕೊಂಡು, ಅಂದರೆ ಮೂತಿಯನ್ನು ಗಾಳಿಯ ಆಚೆ ದಾಟಿಸಿ ಬದಿ ಬದಲಿಸಿಕೊಂಡು ಬನ್ನಿ. ದಾರಿ ಉದ್ದವಾಯಿತೆಂದು ಯಾರೂ ನಗುವುದಿಲ್ಲ.

ದೋಣಿ ಅಲೆಗಿಂತ ಜೋರಾಗಿ ಓಡುತ್ತಿದ್ದರೆ ಮೂತಿ ಮುಂದಿನ ಅಲೆಗೆ ಹೂತು ಹಿಂಬದಿ ಪಕ್ಕಕ್ಕೆ ತಿರುಗುವ ಅಪಾಯವಿದೆ. ದೊಡ್ಡ ಹಾಯಿ ಪೂರ್ತಿ ಇಳಿಸಿ, ಮುಂದಿನ ಹಾಯಿಯ ಸಣ್ಣ ತುಂಡಿನಲ್ಲಿ ಓಡಿಸಿದರೆ ಎಳೆತ ಮೂತಿಯಿಂದ ಬರುತ್ತದೆ, ದೋಣಿ ನೇರ ಉಳಿಯುತ್ತದೆ.

ದಡವೇ ಅಪಾಯ

ಗಟ್ಟಿ ದೋಣಿ 30 ನಾಟ್ ಗಾಳಿಯಲ್ಲಿ ತೆರೆದ ಕಡಲಿನಲ್ಲಿ ಉಳಿಯುತ್ತದೆ. ಅದು ಒಡೆಯುವುದು ಮರಳಿಗೆ, ಬಂಡೆಗೆ ಬಡಿದಾಗ. ಆದ್ದರಿಂದ ಜೋರುಗಾಳಿಯಲ್ಲಿ ಹಾಯಿಗಿಂತ ಮೊದಲು ನಕ್ಷೆ ನೋಡಬೇಕು.

ಕಾರವಾರದಿಂದ ಭಟ್ಕಳದವರೆಗೆ ಸುಮಾರು 55 ನಾಟಿಕಲ್ ಮೈಲಿ (ಒಂದು ನಾಟ್ ವೇಗದಲ್ಲಿ ಒಂದು ಗಂಟೆಗೆ ಸಾಗುವ ದೂರವೇ ಈ ಮೈಲಿ). ದಡ ನೇರ ಉತ್ತರ–ದಕ್ಷಿಣವಾಗಿಲ್ಲ, ದಿಕ್ಸೂಚಿಯ ಲೆಕ್ಕದಲ್ಲಿ ಸುಮಾರು 335–155 ಡಿಗ್ರಿಯ ಓರೆಯಲ್ಲಿದೆ. ಜೋರುಗಾಳಿಯಲ್ಲಿ ಸಣ್ಣ ದೋಣಿ ಗಾಳಿಗೆ 55 ಡಿಗ್ರಿಗಿಂತ ಹತ್ತಿರ ಹೋಗಲಾರದು. ಮೇಲಿಂದ ಹತ್ತು ಡಿಗ್ರಿಯಷ್ಟು ಪಕ್ಕಕ್ಕೆ ಜಾರುತ್ತದೆ. ಈಗ ನೇರ ಪಡುಗಾಳಿ, ಅಂದರೆ 270 ಡಿಗ್ರಿಯಿಂದ ಬರುವ ಗಾಳಿ ಇದೆ ಎನ್ನಿ. ಗಾಳಿಯನ್ನು ಎಡಬದಿಗೆ ಇಟ್ಟುಕೊಂಡರೆ ಮೂತಿ 325ಕ್ಕೆ, ಜಾರುವಿಕೆ ಸೇರಿ ನಿಜವಾದ ದಾರಿ 335. ಅಂದರೆ ಗಂಟೆಗಟ್ಟಲೆ ಓಡಿದರೂ ದಡದಿಂದ ಒಂದಿಂಚೂ ದೂರ ಸರಿಯುವುದಿಲ್ಲ, ಸಮಾನಾಂತರವಾಗಿ ಓಡುತ್ತಿರುತ್ತೀರಿ. ಗಾಳಿಯನ್ನು ಬಲಬದಿಗೆ ಇಟ್ಟುಕೊಂಡರೆ ಮೂತಿ 215ಕ್ಕೆ, ದಾರಿ 205, ದಡಕ್ಕೆ 50 ಡಿಗ್ರಿ ದೂರ. ಪಡುಗಾಳಿ ಎದ್ದಾಗ ಹೊರಗಡಲಿಗೆ ಹೋಗುವ ದಾರಿ ಇದೊಂದೇ. ಕಾರವಾರ ಉತ್ತರದಲ್ಲಿದೆ, ಮನೆ ಅಲ್ಲಿದೆ ಎಂಬ ಆಸೆ ಎಡಬದಿಯ ಟ್ಯಾಕ್‌ಗೆ, ಅಂದರೆ ಗಾಳಿ ಎಡಬದಿಗಿರುವ ಓಟಕ್ಕೆ ಎಳೆಯುತ್ತದೆ. ಆ ಆಸೆಗೆ ಕಟ್ಟುಬಿದ್ದರೆ ಒಂದು ಭೂಶಿರ ಎದುರಾದಾಗ ತಿರುಗಲು ಜಾಗವಿರುವುದಿಲ್ಲ.

ವಾಯವ್ಯ ಗಾಳಿಯಲ್ಲಿ ಚಿತ್ರ ಬೇರೆ. ಹೊನ್ನಾವರದಿಂದ ಕಾರವಾರಕ್ಕೆ ಏರುವಾಗ ಒಂದು ಟ್ಯಾಕ್ ಪಶ್ಚಿಮಕ್ಕೆ, ಅದರಿಂದಲೂ ತುಸು ದಕ್ಷಿಣಕ್ಕೆ ಒಯ್ಯುತ್ತದೆ. ಇನ್ನೊಂದು ಉತ್ತರ–ಈಶಾನ್ಯಕ್ಕೆ, ದಡದತ್ತ. ಲಾಭ ಅತ್ಯಲ್ಪ. ಈ ಗಾಳಿ ಬೆಳಿಗ್ಗೆ ಸಾಮಾನ್ಯವಾಗಿ ಮಲಗಿರುತ್ತದೆ. ಚಳಿಗಾಲದಲ್ಲಿ ನಸುಕಿಗೆ ಘಟ್ಟದ ಕಡೆಯಿಂದ ಬೀಸುವ ಮೂಡುಗಾಳಿಯಲ್ಲಿ ಹೊರಟು, ಮಧ್ಯಾಹ್ನದ ಕಡಲಗಾಳಿ ಏರುವ ಮೊದಲು ದಾರಿಯ ಬಹುಪಾಲು ಮುಗಿಸುವುದು ಬುದ್ಧಿವಂತಿಕೆ.

ನಿಂತು ಉಸಿರಾಡುವುದು

ದೋಣಿಯಲ್ಲಿರುವವರು ದಣಿದು, ವಾಂತಿಯಿಂದ ಬಸವಳಿದು, ಮುಂದೇನು ಎಂದು ತೋಚದಾದಾಗ ಕಡಲ ನಡುವೆಯೇ ದೋಣಿ ನಿಲ್ಲಿಸುವ ಉಪಾಯವೊಂದಿದೆ, ಹೀವ್-ಟು. ಟ್ಯಾಕ್ ಮಾಡಿ, ಆದರೆ ಮುಂದಿನ ಹಾಯಿಯ ಶೀಟ್ ಬಿಡಬೇಡಿ. ಆ ಹಾಯಿ ಉಲ್ಟಾ ಗಾಳಿ ಹಿಡಿದು ಮೂತಿಯನ್ನು ಆಚೆ ತಳ್ಳುತ್ತದೆ. ಟಿಲ್ಲರನ್ನು ಗಾಳಿ ಹೋಗುವ ಬದಿಗೆ ತಳ್ಳಿ ಕಟ್ಟಿದರೆ ಚುಕ್ಕಾಣಿ ಮೂತಿಯನ್ನು ಗಾಳಿಯತ್ತ ತರುತ್ತದೆ. ಎರಡು ರೀಫ್ ಹಾಕಿದ ದೊಡ್ಡ ಹಾಯಿಯನ್ನು ಸ್ವಲ್ಪ ಬಿಟ್ಟು, ಒಳಗೆಳೆದು ಹದ ನೋಡಿ. ದೋಣಿ ಗಾಳಿಗೆ 45–60 ಡಿಗ್ರಿಯಲ್ಲಿ ತೂಗುತ್ತ ಒಂದರಿಂದ ಎರಡು ನಾಟ್‌ನಲ್ಲಿ ಪಕ್ಕಕ್ಕೆ ಜಾರುತ್ತದೆ. ಸದ್ದು, ಬಡಿತ ಒಮ್ಮೆಗೇ ಇಳಿಯುತ್ತವೆ. ಗಂಜಿ ಕಾಯಿಸಲು, ಗಾಯಕ್ಕೆ ಪಟ್ಟಿ ಕಟ್ಟಲು, ರೀಫ್ ಸರಿಪಡಿಸಲು ಇಷ್ಟು ಸಾಕು. ಅಗಲವಿಲ್ಲದ ಆಳವಾದ ಕೀಲ್‌ನ ದೋಣಿಗಳು ಹಟ ಮಾಡುತ್ತವೆ. ಮುಂದಿನ ಹಾಯಿಯನ್ನು ಇನ್ನಷ್ಟು ಸುತ್ತಿದರೆ ಹೆಚ್ಚಿನವು ದಾರಿಗೆ ಬರುತ್ತವೆ.

ಜಾರುವ ಲೆಕ್ಕ ಮಾತ್ರ ಬಿಡಬಾರದು. ಒಂದೂವರೆ ನಾಟ್‌ನಂತೆ ಎಂಟು ಗಂಟೆಗೆ 12 ಮೈಲಿ. ಗೋಕರ್ಣದ ಎದುರು ಆರು ಮೈಲಿ ಹೊರಗೆ ಪಡುಗಾಳಿಯಲ್ಲಿ ಹೀಗೆ ನಿಂತು ನಿದ್ದೆ ಹೋದರೆ ನಾಲ್ಕು ಗಂಟೆಯಲ್ಲಿ ಓಂ ಬೀಚಿನ ಬಂಡೆ ಬರುತ್ತದೆ. ನಿಲ್ಲುವ ಮೊದಲು ಹೊರಗೆ ಹೋಗಿ, ನಿಲ್ಲುವಾಗ ಗಾಳಿ ಬಲಬದಿಗೆ ಇರಲಿ.

ಅಳಿವೆಗೆ ನುಗ್ಗುವ ಆಸೆ

ಗಾಳಿ ಎದ್ದಾಗ ಹತ್ತಿರದ ಅಳಿವೆಯೊಳಗೆ ನುಗ್ಗಿಬಿಡೋಣ ಅನ್ನಿಸುವುದು ಸಹಜ. ಗಂಗಾವಳಿ, ಅಘನಾಶಿನಿ, ಶರಾವತಿ, ಎಲ್ಲ ಅಳಿವೆಗಳ ಬಾಯಲ್ಲೂ ಮರಳಿನ ದಿಬ್ಬವಿದೆ, ಪ್ರತಿ ಮಳೆಗಾಲಕ್ಕೂ ಅದರ ಜಾಗ ಬದಲಾಗುತ್ತದೆ. ಅಲೆಯ ಎತ್ತರ ನೀರಿನ ಆಳದ ಮುಕ್ಕಾಲು ಭಾಗ ದಾಟಿದಾಗ ಅಲೆ ಮುರಿಯುತ್ತದೆ: ಎರಡು ಮೀಟರ್ ಅಲೆ ಎರಡೂವರೆ ಮೀಟರ್ ಆಳದಲ್ಲಿ ಮುರಿದುಬೀಳುತ್ತದೆ. ಇಳಿತದ ಹೊತ್ತಿನಲ್ಲಿ ನದಿಯ ನೀರು ಹೊರಗೆ ನುಗ್ಗುತ್ತ, ಒಳಬರುವ ಅಲೆಗೆ ಎದುರಾಗಿ ಅಲೆಗಳ ನಡುವಿನ ಅಂತರ ಕುಗ್ಗಿಸಿ ಅದನ್ನು ಕಡಿದಾಗಿಸುತ್ತದೆ. ಅಂಥ ಒಂದು ಅಲೆ ದೋಣಿಯನ್ನು ಅಡ್ಡ ತಿರುಗಿಸಿದರೆ ಮುಂದಿನದು ಮಗುಚುತ್ತದೆ. ಕಡಲ ಕಡೆಯಿಂದ ನೋಡುವವರಿಗೆ ಕಾಣುವುದು ಅಲೆಗಳ ಬೆನ್ನು ಮಾತ್ರ. ಮುರಿಯುವ ಮುಖ ದಡಕ್ಕೆ ತಿರುಗಿರುತ್ತದೆ. ಹೊರಗಿನಿಂದ ಶಾಂತವಾಗಿ ಕಂಡ ಬಾಯಿ ಒಳಗೆ ಹೊಕ್ಕಮೇಲೆ ಬೇರೆಯಾಗುವುದು ಈ ಕಾರಣಕ್ಕೆ.

ಒಳಗೆ ಹೋಗಲೇಬೇಕಾದರೆ ಭರತದ ಕೊನೆಯ ಎರಡು ಗಂಟೆಯಲ್ಲಿ, ಹಗಲು ಬೆಳಕಿನಲ್ಲಿ, ಅದೇ ಊರಿನ ಮೀನುಗಾರಿಕಾ ದೋಣಿಯ ಹಿಂದೆ. ಅವರಿಗೆ ಈ ವರ್ಷದ ಕಾಲುವೆ ಎಲ್ಲಿದೆ ಎಂದು ಗೊತ್ತು. ಅವರ ದೋಣಿಗೆ ಒಂದು ಮೀಟರ್ ಸಾಕು, ನಿಮ್ಮ ಕೀಲ್‌ಗೆ ಸಾಲದು ಎಂಬುದೂ ನೆನಪಿರಲಿ. ಎಂಜಿನ್ ಚಾಲೂ ಇದ್ದರೂ ಸಣ್ಣ ಹಾಯಿ ಏರಿಸಿಯೇ ಇರಲಿ. ಟ್ಯಾಂಕಿನ ತಳದ ಕೆಸರು ಅಲುಗಾಟಕ್ಕೆ ಕದಡಿ ಫಿಲ್ಟರ್ ಕಟ್ಟಿಕೊಳ್ಳುವುದು ಇಂಥ ಹೊತ್ತಿನಲ್ಲೇ.

ಕಾರವಾರದ ಕಥೆ ಬೇರೆ. ಬೈತಖೋಲ ಬಂದರಿಗೆ ನೈಋತ್ಯದ ಗುಡ್ಡವೇ ಗೋಡೆ. ಹೊರಗೆ ದೇವಗಡ, ಕೂರ್ಮಗಡ ದ್ವೀಪಗಳಿವೆ, ದೇವಗಡದ ಮೇಲೆ ದೀಪಸ್ತಂಭವಿದೆ. ಇಡೀ ಜಿಲ್ಲೆಯಲ್ಲಿ ಗಾಳಿ ಜೋರಿದ್ದಾಗಲೂ ಸಮಾಧಾನದಿಂದ ಒಳಬರಬಹುದಾದ ಜಾಗ ಇದು. ಕಾಳಿ ನದಿಯ ಬಾಯಿಯ ದಿಬ್ಬಕ್ಕೆ ಮಾತ್ರ ಹತ್ತಿರ ಹೋಗಬೇಡಿ. ದಕ್ಷಿಣಕ್ಕೆ ಅಂಜುದೀವ, ಅರಗಾ ಕಡೆ ನೌಕಾಪಡೆಯ ಕದಂಬ ನೆಲೆಯ ನಿಷೇಧಿತ ನೀರು. ಗಾಳಿಯ ನೆಪ ಹೇಳಿ ಒಳಗೆ ನುಗ್ಗುವುದಲ್ಲ. ನಿಜವಾಗಿ ತೊಂದರೆಯಿದ್ದರೆ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಮೊದಲೇ ಹೇಳಬೇಕು. ಕೋಸ್ಟ್ ಗಾರ್ಡ್‌ನ ಫೋನ್ ಸಂಖ್ಯೆ 1554.

ಗುಡ್ಡದ ಮರೆಯಲ್ಲಿ ಗಾಳಿ ಒಂದೇ ಸಮ ಇರುವುದಿಲ್ಲ. ಮೇಲಿನಿಂದ ಉರುಳಿಬರುವ ಹೊಡೆತ ದಿಕ್ಕು ಬದಲಿಸಿ ಬಡಿಯುತ್ತದೆ. ಶಾಂತವಾಯಿತೆಂದು ಅಲ್ಲಿ ರೀಫ್ ಬಿಚ್ಚಬೇಡಿ.

ಘಟ್ಟದಿಂದ ಇಳಿಯುವ ಗಾಳಿ

ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನ ಗುಡುಗು ಗಾಳಿಗೆ ಮೇಲಿನ ಲೆಕ್ಕವೆಲ್ಲ ತಿರುಗಾಮುರುಗಾ. ಮಧ್ಯಾಹ್ನ ಶಿರಸಿ, ಯಲ್ಲಾಪುರದ ಮೇಲೆ ಮೋಡ ಗೋಪುರವಾಗಿ ಎದ್ದು, ತುದಿ ಚಪ್ಪಟೆಯಾಗಿ ಹರಡಿದರೆ ಸಂಜೆಗೆ ಅದು ಕರಾವಳಿಗೆ ಇಳಿಯಬಹುದು. ಅಷ್ಟು ಹೊತ್ತು ಬೀಸುತ್ತಿದ್ದ ಪಡುಗಾಳಿ ಇದ್ದಕ್ಕಿದ್ದಂತೆ ಸತ್ತುಹೋಗುತ್ತದೆ. ಹಾಯಿ ಜೋತುಬೀಳುತ್ತದೆ. ಆಮೇಲೆ ಪೂರ್ವದಿಂದ ತಣ್ಣನೆ ಗಾಳಿ, ನೀರಿನ ಮೇಲೆ ಕಪ್ಪು ಗೆರೆ, ಅದರ ಹಿಂದೆ 30–40 ನಾಟ್. ಮಳೆ ಬರುವುದು ಅದಕ್ಕೂ ನಂತರ. ಗಾಳಿ ಸತ್ತ ಆ ಹತ್ತು ನಿಮಿಷವೇ ನಿಮಗಿರುವ ಕಾಲಾವಕಾಶ. ಎರಡೂ ಹಾಯಿ ಇಳಿಸಿ, ದೊಡ್ಡ ಹಾಯಿಯನ್ನು ಬೂಮಿಗೆ ಬಿಗಿದು ಕಟ್ಟಿ, ಬಾಗಿಲು ಕಿಂಡಿ ಮುಚ್ಚಿ.

ದಡಕ್ಕೆ ಓಡುವ ಆಸೆ ಇಲ್ಲಿ ತಪ್ಪು. ಗಾಳಿ ದಡದಿಂದ ಬರುತ್ತಿದೆ, ಪಶ್ಚಿಮಕ್ಕೆ ಇಡೀ ಅರಬ್ಬಿ ಸಮುದ್ರ ಖಾಲಿ ಇದೆ. ನೇತ್ರಾಣಿಯಂಥ ದ್ವೀಪ, ಬಂಡೆ ಎದುರಿಗಿಲ್ಲವೆಂದು ನೋಡಿಕೊಂಡು ಬರಿ ಕಂಬದಲ್ಲಿ ಗಾಳಿಯೊಂದಿಗೆ ಹೊರಕ್ಕೆ ಓಡಿ. ಬಹುಮಟ್ಟಿಗೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆ ಹೊತ್ತಿಗೆ ಎರಡು ಮೂರು ಮೈಲಿ ಹೊರಗೆ ಹೋಗಿರುತ್ತೀರಿ, ಅಷ್ಟೆ. ಮಿಂಚು ಇರುವಾಗ ಕಂಬ, ತಂತಿಗಳನ್ನು ಮುಟ್ಟಬೇಡಿ. ಕೈಯಲ್ಲಿ ಹಿಡಿಯುವ ಜಿಪಿಎಸ್, ಫೋನನ್ನು ಪ್ರೆಶರ್ ಕುಕ್ಕರಿನಲ್ಲಿಟ್ಟು ಮುಚ್ಚಳ ಹಾಕುವ ಪದ್ಧತಿ ಕೇಳಲು ತಮಾಷೆ, ಆದರೆ ಅದರ ಹಿಂದೆ ಭೌತಶಾಸ್ತ್ರ ಇದೆ: ಸುತ್ತಲಿನ ಲೋಹ ವಿದ್ಯುತ್ತನ್ನು ಹೊರಗೇ ಹಾಯಿಸುತ್ತದೆ.

ಮನುಷ್ಯರು, ಲಂಗರು

ಲೈಫ್ ಜಾಕೆಟ್ ಕಟ್ಟುವುದು ರೀಫ್ ಹಾಕುವ ಮೊದಲು. ಮೂತಿಯಿಂದ ಹಿಂಬದಿಯವರೆಗೆ ಚಪ್ಪಟೆ ಪಟ್ಟಿಯ ಹಗ್ಗ ಬಿಗಿದು, ಸೊಂಟದ ಪಟ್ಟಿಯ ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಿಕೊಂಡೇ ಓಡಾಡಿ. ದುಂಡು ಹಗ್ಗವಾದರೆ ಕಾಲಡಿ ಉರುಳುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ನುಂಗಬೇಕು, ಶುರುವಾದ ಮೇಲೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅವಲಕ್ಕಿ, ಬಾಳೆಹಣ್ಣು, ಥರ್ಮಾಸಿನಲ್ಲಿ ಗಂಜಿ ಕೈಗೆಟುಕುವಲ್ಲಿ ಇರಲಿ. ಹೊಟ್ಟೆ ಖಾಲಿಯಿದ್ದವನ ತೀರ್ಮಾನ ನಿಧಾನ.

ಒಳಗೆ ಬಂದು ಲಂಗರು ಹಾಕುವಾಗ ನೀರಿನ ಆಳವೊಂದನ್ನೇ ನೋಡಬೇಡಿ. ಆಳ ನಾಲ್ಕು ಮೀಟರ್, ಭರತಕ್ಕೆ ಏರುವುದು ಒಂದೂವರೆ, ನೀರಿನಿಂದ ಮೂತಿಯ ಎತ್ತರ ಒಂದು: ಒಟ್ಟು ಆರೂವರೆ. ಜೋರುಗಾಳಿಗೆ ಇದರ ಏಳು ಪಟ್ಟು, ಅಂದರೆ 45 ಮೀಟರ್ ಬಿಡಬೇಕು. ಲಂಗರಿನ ಹತ್ತಿರದ ಹತ್ತು ಹದಿನೈದು ಮೀಟರ್ ಸರಪಳಿ, ಉಳಿದದ್ದು ನೈಲಾನ್ ಹಗ್ಗ. ಸರಪಳಿಯ ತೂಕ ಎಳೆತವನ್ನು ನೆಲಕ್ಕೆ ಸಮವಾಗಿಡುತ್ತದೆ, ನೈಲಾನ್ ಹಿಗ್ಗಿ ಜಗ್ಗು ನುಂಗುತ್ತದೆ. ಕೆಸರು ನೆಲದಲ್ಲಿ ಲಂಗರು ಕಚ್ಚಲು ಸಮಯ ಬೇಕು. ಹಗ್ಗ ನಿಧಾನ ಬಿಟ್ಟು, ಕೆಲವು ನಿಮಿಷ ಕಾದು, ಎಂಜಿನ್ನನ್ನು ಹಿಮ್ಮುಖವಾಗಿ ಮೆಲ್ಲಗೆ, ಆಮೇಲೆ ಅರ್ಧ ವೇಗಕ್ಕೆ ಏರಿಸಿ ಎಳೆದು ನೋಡಿ. ಮೂತಿಯ ಅಂಚಿಗೆ ಹಗ್ಗ ಉಜ್ಜುವ ಜಾಗಕ್ಕೆ ಹಳೆಯ ನೀರಿನ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ ತೊಡಿಸಿ. ಆಮೇಲೆ ದಡದಲ್ಲಿ ಒಂದರ ಹಿಂದೊಂದು ಕಾಣುವ ಎರಡು ಗುರುತು ಹುಡುಕಿ, ಒಂದು ತೆಂಗಿನ ಮರ, ಅದರ ಹಿಂದಿನ ದೀಪದ ಕಂಬ. ರಾತ್ರಿಗೆ ಬೆಳಕಿರುವ ಗುರುತೇ ಬೇಕು. ದೋಣಿ ಲಂಗರಿನ ಸುತ್ತ ತೂಗುವಾಗ ಅವು ಬೇರೆಯಾಗಿ ಮತ್ತೆ ಒಂದಾಗುತ್ತವೆ. ಬೇರೆಯಾದವು ಒಂದಾಗದೆ ಅಂತರ ಒಂದೇ ಕಡೆಗೆ ಹೆಚ್ಚುತ್ತಲೇ ಹೋದರೆ ಲಂಗರು ಜಾರುತ್ತಿದೆ: ಎಂಜಿನ್ ಚಾಲೂ ಮಾಡಿ, ಮೊದಲು ಇನ್ನೂ ಹತ್ತು ಮೀಟರ್ ಹಗ್ಗ ಬಿಟ್ಟು ನೋಡಿ, ನಿಲ್ಲದಿದ್ದರೆ ಎತ್ತಿ ಬೇರೆಡೆ ಹಾಕಿ.